ತಂತಿಬೇಲಿ ಮತ್ತು ಹೆಬ್ಬೆಟ್ಟು: ಸೊಲ್ಲಾಪುರದ ಸೆಟ್ಲ್‌ಮೆಂಟು ಹಾಗೂ ಬಂದಿಯ ಖಾಸಗಿತನದ ಚರಿತ್ರೆ

ಸೊಲ್ಲಾಪುರ ನಗರದ ವಿಳಾಸಗಳಲ್ಲಿ ‘ಸೆಟ್ಲ್‌ಮೆಂಟ್ ಫ್ರೀ ಕಾಲನಿ’ ಎಂಬ ಹೆಸರು ಇಂದಿಗೂ ಉಳಿದಿದೆ. ಆ ಕಾಲನಿಗಳಿಗೆ ಕ್ರಮಸಂಖ್ಯೆಗಳಿವೆ. ಮತದಾರರ ಪಟ್ಟಿಯಲ್ಲಿ, ಶಾಲೆಯ ದಾಖಲೆಯಲ್ಲಿ ಅವು ಇತರ ಬಡಾವಣೆಗಳ ಹೆಸರಿನಂತೆಯೇ ಸಲೀಸಾಗಿ ಓಡಾಡುತ್ತವೆ. ಆದರೆ ಒಂದು ವಸತಿಯನ್ನು ‘ಫ್ರೀ’ ಎಂದು ಕರೆಯುವ ಅಗತ್ಯ ಬರಬೇಕಾದರೆ ಅದರ ಪಕ್ಕದಲ್ಲಿ ಸ್ವತಂತ್ರವಲ್ಲದ ಇನ್ನೊಂದು ವಸತಿ ಇದ್ದಿರಲೇಬೇಕು. ಅದು ತಂತಿಬೇಲಿಯೊಳಗಿನ ಸೆಟ್ಲ್‌ಮೆಂಟು. ಅಲ್ಲಿದ್ದವರಲ್ಲಿ ಬಹುಪಾಲು ಜನರಿಗೆ ಯಾವ ನ್ಯಾಯಾಲಯವೂ ಶಿಕ್ಷೆ ವಿಧಿಸಿರಲಿಲ್ಲ. ಅವರು ಒಂದು ಜಾತಿಯಲ್ಲಿ ಹುಟ್ಟಿದ್ದರು. ಆ ಜಾತಿಯ ಹೆಸರು ಸರ್ಕಾರಿ ಅಧಿಸೂಚನೆಯಲ್ಲಿತ್ತು.

ಬಂದಿಗಳ ಖಾಸಗಿತನದ ಹಕ್ಕು ಇಂದು ಭಾರತದ ನ್ಯಾಯಾಲಯಗಳಲ್ಲಿ ಚರ್ಚೆಯಾಗುತ್ತಿರುವ ವಿಷಯ. ಸೆರೆಮನೆಯೊಳಗಿನ ವ್ಯಕ್ತಿಯನ್ನು ಪೊಲೀಸರು ಯಾವಾಗ, ಯಾರ ಅನುಮತಿಯಿಂದ, ಎಷ್ಟರಮಟ್ಟಿಗೆ ತಲುಪಬಹುದು ಎಂಬುದು ಅದರ ಮುಖ್ಯ ಪ್ರಶ್ನೆ. ಈ ಚರ್ಚೆ ಸಾಮಾನ್ಯವಾಗಿ ಸೆರೆಮನೆಯ ಬಾಗಿಲಿನಿಂದ ಆರಂಭವಾಗುತ್ತದೆ: ಒಳಗೆ ಹೋಗುವಾಗ ಮನುಷ್ಯ ಯಾವ ಹಕ್ಕುಗಳನ್ನು ಕಳೆದುಕೊಳ್ಳುತ್ತಾನೆ, ಯಾವುವು ಅವನೊಂದಿಗೆ ಉಳಿಯುತ್ತವೆ? ಸೊಲ್ಲಾಪುರದ ಚರಿತ್ರೆಯನ್ನು ಮುಂದಿಟ್ಟುಕೊಂಡರೆ ಈ ಆರಂಭವೇ ಸಾಲದು ಎನಿಸುತ್ತದೆ. ಇಲ್ಲಿಯ ಕೆಲವು ಸಮುದಾಯಗಳಿಗೆ ಪೊಲೀಸರ ಪ್ರವೇಶ ಅಪರಾಧದಿಂದ ಆರಂಭವಾಗಲಿಲ್ಲ, ಬಿಡುಗಡೆಯೊಂದಿಗೆ ಮುಗಿಯಲೂ ಇಲ್ಲ. ಅವರನ್ನು ಹಿಡಿದಿಟ್ಟದ್ದು ಗೋಡೆಗಿಂತ ಹೆಚ್ಚಾಗಿ ನೋಂದಣಿ ಪುಸ್ತಕ.

ಗೋಡೆಯ ಎರಡು ಮುಖ

ವಸಾಹತು ಕಾಲದ ಸೆರೆಮನೆ ಕ್ರೂರವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಗೋಡೆಗೆ ಎರಡು ಮುಖಗಳಿದ್ದವು. ಒಂದು ಕೈದಿಯನ್ನು ಹೊರಗೆ ಹೋಗದಂತೆ ತಡೆಯುತ್ತಿತ್ತು. ಇನ್ನೊಂದು ಪೊಲೀಸರನ್ನು ಸ್ವೇಚ್ಛೆಯಾಗಿ ಒಳಗೆ ಬರದಂತೆ ತಡೆಯುತ್ತಿತ್ತು. 1872ರ ಸಾಕ್ಷ್ಯ ಕಾಯ್ದೆಯ ಪ್ರಕಾರ ಪೊಲೀಸ್ ವಶದಲ್ಲಿದ್ದಾಗ ನೀಡಿದ ತಪ್ಪೊಪ್ಪಿಗೆಯನ್ನು, ಅದು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ನೀಡಿದ್ದಲ್ಲದಿದ್ದರೆ, ಆರೋಪಿಯ ವಿರುದ್ಧ ಬಳಸುವಂತಿರಲಿಲ್ಲ. 1894ರ ಕಾರಾಗೃಹ ಕಾಯ್ದೆ ವಿಚಾರಣಾಧೀನ ಕೈದಿಗೆ ಮೂರನೆಯವರ ಉಪಸ್ಥಿತಿಯಿಲ್ಲದೆ ತನ್ನ ವಕೀಲರನ್ನು ಕಾಣುವ ಅವಕಾಶವನ್ನು, ನ್ಯಾಯದ ಹಿತಕ್ಕೆ ಒಪ್ಪುವ ಮಟ್ಟಿಗೆ, ಕಲ್ಪಿಸಿತ್ತು. 1898ರ ದಂಡ ಪ್ರಕ್ರಿಯಾ ಸಂಹಿತೆ ಪೊಲೀಸ್ ವಶದ ಅವಧಿಗೆ 15 ದಿನಗಳ ಮಿತಿ ಹಾಕಿತ್ತು. ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದ ಮೇಲೆ ಕೈದಿಯನ್ನು ಮತ್ತೆ ಪ್ರಶ್ನಿಸಲು ಮ್ಯಾಜಿಸ್ಟ್ರೇಟರ ಅನುಮತಿ ಬೇಕೆಂಬ ರೂಢಿ ಇದೇ ತತ್ತ್ವದಿಂದ ಬಂದದ್ದು. ಇವೆಲ್ಲ ಆಚರಣೆಯಲ್ಲಿ ಎಷ್ಟು ಪಾಲನೆಯಾದವೆಂಬುದು ಬೇರೆ ಮಾತು. ಕಾನೂನು ತನ್ನ ಪೊಲೀಸರನ್ನು ತಾನೇ ಪೂರ್ತಿ ನಂಬಿರಲಿಲ್ಲವೆಂಬುದಕ್ಕೆ ಮಾತ್ರ ಇವು ಸಾಕ್ಷಿ.

ದೇಹದ ಗುರುತುಗಳ ವಿಷಯದಲ್ಲಿಯೂ ಇಂಥದೊಂದು ಎಲ್ಲೆಯಿತ್ತು. ಬೆರಳಚ್ಚಿನ ವರ್ಗೀಕರಣ ವಿಧಾನ ರೂಪುಗೊಂಡದ್ದೇ ಭಾರತದಲ್ಲಿ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಆರಂಭವಾಯಿತು. 1920ರ ಬಂದಿಗಳ ಗುರುತಿಸುವಿಕೆ ಕಾಯ್ದೆ ಒಂದು ವರ್ಷ ಅಥವಾ ಹೆಚ್ಚಿನ ಕಠಿಣ ಸಜೆಗೆ ಅರ್ಹವಾದ ಅಪರಾಧಗಳಲ್ಲಿ ಬಂಧಿತರಾದವರ ಅಳತೆ, ಬೆರಳಚ್ಚುಗಳನ್ನು ಪಡೆಯುವ ಅಧಿಕಾರವನ್ನು ಪೊಲೀಸರಿಗೆ ನೀಡಿತು. ಅದರ 7ನೆಯ ಕಲಮು ಗಮನಾರ್ಹ. ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಇಲ್ಲವೆ ಖುಲಾಸೆಯಾದರೆ, ನ್ಯಾಯಾಲಯ ಬೇರೆ ಆದೇಶ ಮಾಡದ ಹೊರತು, ಅವನ ಅಳತೆ ಮತ್ತು ಛಾಯಾಚಿತ್ರಗಳನ್ನು ನಾಶಮಾಡಬೇಕು ಅಥವಾ ಅವನಿಗೇ ಒಪ್ಪಿಸಬೇಕು. ‘ಖಾಸಗಿತನ’ ಎಂಬ ಪದ ಆ ಕಾಯ್ದೆಯಲ್ಲಿಲ್ಲ. ದೇಹದ ಗುರುತು ಆ ದೇಹದ ಒಡೆಯನಿಗೆ ಮರಳಬೇಕೆಂಬ ಅರಿವು ಇದೆ.

ಒಂದೇ ಮುಖದ ಬೇಲಿ

ಈ ಅರಿವು ಎಲ್ಲರಿಗೂ ಅನ್ವಯಿಸಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿತ್ತು. 1911ರ ಕಾಯ್ದೆ ಅದನ್ನು ಮುಂಬೈ, ಮದ್ರಾಸು ಸೇರಿದಂತೆ ಬ್ರಿಟಿಷ್ ಇಂಡಿಯಾಕ್ಕೆಲ್ಲ ವಿಸ್ತರಿಸಿತು; 1924ರ ಕಾಯ್ದೆ ಎಲ್ಲವನ್ನೂ ಕ್ರೋಡೀಕರಿಸಿತು. ಇದರಡಿ ಒಂದು ಸಮುದಾಯವನ್ನು ‘ಅಪರಾಧಿ ಬುಡಕಟ್ಟು’ ಎಂದು ಸಾರಿದರೆ ಅದರ ಸದಸ್ಯರನ್ನು ನೋಂದಾಯಿಸಬಹುದಿತ್ತು. ನೋಂದಾಯಿತರ ಬೆರಳಚ್ಚನ್ನು ಯಾವ ಸಮಯದಲ್ಲಾದರೂ ಪಡೆಯಬಹುದಿತ್ತು. ಅವರು ನಿಗದಿತ ಅವಧಿಗೊಮ್ಮೆ ಹಾಜರಿ ಹಾಕಬೇಕಿತ್ತು, ವಾಸಸ್ಥಳದ ಬದಲಾವಣೆಯನ್ನು ತಿಳಿಸಬೇಕಿತ್ತು. ಸರ್ಕಾರ ಬಯಸಿದರೆ ಅವರ ಸಂಚಾರವನ್ನು ನಿರ್ಬಂಧಿಸಬಹುದಿತ್ತು, ಸೆಟ್ಲ್‌ಮೆಂಟುಗಳಲ್ಲಿ ಇರಿಸಬಹುದಿತ್ತು, ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಶಾಲೆಗಳಲ್ಲಿ ಇಡಬಹುದಿತ್ತು. ಸೆಟ್ಲ್‌ಮೆಂಟಿನಿಂದ ತಪ್ಪಿಸಿಕೊಂಡವರನ್ನು ವಾರಂಟಿಲ್ಲದೆ ಹಿಡಿಯಬಹುದಿತ್ತು. ಅಧಿಸೂಚನೆಯ ಸಿಂಧುತ್ವವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ.

ಎರಡು ಕಾಯ್ದೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ವೈಷಮ್ಯ ಸ್ಪಷ್ಟವಾಗುತ್ತದೆ. 1920ರ ಬಳಿಕ ಸೊಲ್ಲಾಪುರದ ಪೇಟೆಯಲ್ಲಿ ಕಳವಿನ ಆರೋಪಕ್ಕೆ ಮೊದಲ ಬಾರಿ ಸಿಕ್ಕಿ ಖುಲಾಸೆಯಾದ ವ್ಯಾಪಾರಿಯೊಬ್ಬ ತನ್ನ ಬೆರಳಚ್ಚಿನ ನಾಶವನ್ನು ಕೇಳಬಹುದಿತ್ತು. ಅದೇ ಊರಿನ ಸೆಟ್ಲ್‌ಮೆಂಟಿನಲ್ಲಿ ಯಾವ ಆರೋಪವೂ ಇಲ್ಲದ ಕೈಕಾಡಿ ತರುಣನ ಬೆರಳಚ್ಚು ಪುಸ್ತಕದಲ್ಲಿಯೇ ಉಳಿಯುತ್ತಿತ್ತು. ಖುಲಾಸೆಯಾಗಲು ಆತನ ಮೇಲೆ ಮೊಕದ್ದಮೆಯೇ ಇರಲಿಲ್ಲ. ಸೆರೆಮನೆಯ ಗೋಡೆ ಪೊಲೀಸರನ್ನು ಒಂದಿಷ್ಟಾದರೂ ದೂರವಿಟ್ಟಿತು. ಸೆಟ್ಲ್‌ಮೆಂಟಿನ ಬೇಲಿ ಒಳಗಿನವರನ್ನು ತಡೆಯುತ್ತಿತ್ತೇ ಹೊರತು ಒಳಬರುವ ಅಧಿಕಾರಿಯನ್ನಲ್ಲ.

ವಿಜಾಪುರದಿಂದ ಸೊಲ್ಲಾಪುರಕ್ಕೆ

ಮುಂಬೈ ಪ್ರಾಂತದ ಸೆಟ್ಲ್‌ಮೆಂಟುಗಳ ಚರಿತ್ರೆ ಕನ್ನಡ ನಾಡಿನಲ್ಲಿಯೇ ಆರಂಭವಾಗುತ್ತದೆ. 1910ರ ಸುಮಾರಿಗೆ ವಿಜಾಪುರದಲ್ಲಿದ್ದ ಐ.ಸಿ.ಎಸ್. ಅಧಿಕಾರಿ ಓ. ಎಚ್. ಬಿ. ಸ್ಟಾರ್ಟ್ ಅಲ್ಲಿಯ ಗಂಟಿಚೋರ, ಛಪ್ಪರಬಂದ ಮೊದಲಾದ ಸಮುದಾಯಗಳ ನಡುವೆ ಈ ಕೆಲಸವನ್ನು ಕೈಗೊಂಡರು. ಮುಂದೆ ಅವರು ಪ್ರಾಂತದ ಅಪರಾಧಿ ಬುಡಕಟ್ಟುಗಳ ಸೆಟ್ಲ್‌ಮೆಂಟ್ ಅಧಿಕಾರಿಯಾದರು. ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಸೆಟ್ಲ್‌ಮೆಂಟುಗಳು ಬೆಳೆದವು. ಹುಬ್ಬಳ್ಳಿಯಲ್ಲಿಯೂ ‘ಸೆಟ್ಲ್‌ಮೆಂಟ್’ ಇಂದಿಗೂ ಒಂದು ಬಡಾವಣೆಯ ಹೆಸರು.

ಸ್ಥಳಗಳ ಆಯ್ಕೆಗೆ ಕಾರಣವಿತ್ತು. 1877ರಲ್ಲಿ ಸ್ಥಾಪನೆಯಾದ ‘ಹಳೆ ಗಿರಣಿ’ಯಿಂದ ಮೊದಲ್ಗೊಂಡು ಸೊಲ್ಲಾಪುರ ಬಟ್ಟೆ ಗಿರಣಿಗಳ ಊರಾಗಿ ಬೆಳೆದಿತ್ತು. ಗಿರಣಿಗೆ ಕೂಲಿಗಳು ಬೇಕಿತ್ತು, ಸರ್ಕಾರಕ್ಕೆ ಅಲೆಮಾರಿಗಳನ್ನು ಒಂದೆಡೆ ನಿಲ್ಲಿಸಬೇಕಿತ್ತು. ಬೇಲಿಯಿಂದ ಗಿರಣಿಗೆ, ಗಿರಣಿಯಿಂದ ಬೇಲಿಗೆ ನಡೆಯುವ ದಿನಚರಿಯಲ್ಲಿ ಎರಡೂ ಅಗತ್ಯಗಳು ಒಟ್ಟಿಗೆ ಪೂರೈಸಿದವು. ಸೊಲ್ಲಾಪುರದ ಸೆಟ್ಲ್‌ಮೆಂಟಿನ ಆಡಳಿತವನ್ನು ಕೆಲಕಾಲ ಅಮೆರಿಕನ್ ಮರಾಠಿ ಮಿಷನ್ ನೋಡಿಕೊಂಡಿತು. ಶಾಲೆ, ಔಷಧ, ಕಸುಬಿನ ತರಬೇತಿ ದೊರೆತವು; ಹಾಜರಿ, ಪಾಸು, ಪರವಾನಗಿಗಳೂ ಜೊತೆಗೇ ಬಂದವು. ‘ಸುಧಾರಿಸಿದ’ ಕುಟುಂಬ ಬೇಲಿಯ ಹೊರಗಿನ ಫ್ರೀ ಕಾಲನಿಗೆ ಹೋಗಬಹುದಿತ್ತು. ಸುಧಾರಣೆಯನ್ನು ಅಳೆಯುತ್ತಿದ್ದುದು ಹಾಜರಿ ಪುಸ್ತಕ. ಆದ್ದರಿಂದ ಸ್ವಾತಂತ್ರ್ಯದ ದಾರಿಯೂ ನಿಗಾವಣೆಯ ಮೂಲಕವೇ ಹಾಯ್ದಿತ್ತು.

ಕಲ್ಯಾಣ ಮತ್ತು ಕಾವಲು ಒಂದೇ ಮೇಜಿನಿಂದ ನಡೆದ ಈ ಕ್ರಮ ಆಕಸ್ಮಿಕವಲ್ಲ. 1928ರಲ್ಲಿ ಮುಂಬೈ ಸರ್ಕಾರ ಶೋಷಿತ ವರ್ಗಗಳು ಮತ್ತು ಮೂಲನಿವಾಸಿ ಬುಡಕಟ್ಟುಗಳ ಸ್ಥಿತಿಗತಿ ಕುರಿತು ನೇಮಿಸಿದ ಸಮಿತಿಗೆ ಸ್ಟಾರ್ಟ್ ಅವರೇ ಅಧ್ಯಕ್ಷರು, ಡಾ. ಬಿ. ಆರ್. ಅಂಬೇಡ್ಕರ್ ಸದಸ್ಯರಲ್ಲೊಬ್ಬರು. 1930ರಲ್ಲಿ ಅದರ ವರದಿ ಬಂದಿತು. ಅನಂತರ, 1930ರ ದಶಕದ ಆರಂಭದಲ್ಲಿ, ಹಿಂದುಳಿದ ವರ್ಗಗಳ ಇಲಾಖೆ ರೂಪುಗೊಂಡಾಗ ಅದರ ಹೊಣೆಯೂ ಸ್ಟಾರ್ಟ್ ಅವರದಾಯಿತು. ಪಶ್ಚಿಮ ಭಾರತದಲ್ಲಿ ಸಮಾಜ ಕಲ್ಯಾಣದ ಆಡಳಿತಕ್ಕೂ ಅಪರಾಧಿ ಬುಡಕಟ್ಟುಗಳ ಆಡಳಿತಕ್ಕೂ ಇರುವ ಈ ವಂಶಸಂಬಂಧ ಇನ್ನೂ ಸಾಕಷ್ಟು ವಿವೇಚನೆಗೆ ಒಳಗಾಗಿಲ್ಲ.

ಹೆಸರು, ಭಾಷೆ, ಗಡಿ

ನೋಂದಣಿ ಪುಸ್ತಕದ ಮೊದಲ ಅಂಕಣ ಹೆಸರಿನದು. ಕನ್ನಡ ಮತ್ತು ಮರಾಠಿಗಳ ನಡುವಿನ ಈ ಪ್ರದೇಶದಲ್ಲಿ ಹೆಸರು ಸರಳ ಸಂಗತಿಯಲ್ಲ. ಮರಾಠಿಯಲ್ಲಿ ಕೈಕಾಡಿಗಳೆಂದು ಕರೆಯಲಾಗುವ ಜನ ಕನ್ನಡದ ಕೊರವ, ಕೊರಮ, ಕೊರಚರ ಬಳಗಕ್ಕೆ ಸೇರಿದವರು. ಅವರ ಮನೆಮಾತು ತಮಿಳಿಗೆ ಹತ್ತಿರವಾದ ದ್ರಾವಿಡ ನುಡಿ. ಮರಾಠಿಯ ಫಾಸೆ ಪಾರಧಿಗಳು ಕನ್ನಡದಲ್ಲಿ ಹರಣಶಿಕಾರಿಗಳು. ಬುಟ್ಟಿ ಹೆಣೆಯುವುದು, ಬೇಟೆಯಾಡುವುದು, ಸಂತೆಯಿಂದ ಸಂತೆಗೆ ತಿರುಗುವುದು ಇವರ ಬದುಕಾಗಿತ್ತು. ಕೆಲವು ಹೆಸರುಗಳಲ್ಲಿ ಆರೋಪವೇ ಸೇರಿಹೋಗಿತ್ತು. ‘ಗಂಟಿಚೋರ’ ಎಂಬಲ್ಲಿ ಚೋರನಿದ್ದಾನೆ. ಮರಾಠಿಯ ‘ಉಚಲ್ಯಾ’ ಎಂದರೆ ಎತ್ತಿಕೊಂಡು ಹೋಗುವವನು. ‘ಭಾಮಟಾ’ ಎಂಬ ಜಾತಿವಾಚಕ ಕಳ್ಳನೆಂಬ ಅರ್ಥದಲ್ಲಿಯೂ ಬಳಕೆಯಾಗುತ್ತದೆ. ಇಂಥ ಸಮುದಾಯದವನು ಠಾಣೆಯಲ್ಲಿ ತನ್ನ ಜಾತಿಯನ್ನು ಹೇಳಿದ ಕ್ಷಣದಲ್ಲಿಯೇ ತಪ್ಪೊಪ್ಪಿಗೆ ಮುಗಿದಂತೆ. ಸಾಕ್ಷ್ಯ ಕಾಯ್ದೆ ತಡೆದಿದ್ದ ತಪ್ಪೊಪ್ಪಿಗೆಯನ್ನು ಹೆಸರು ತಾನಾಗಿ ಒದಗಿಸುತ್ತಿತ್ತು.

ಅಕ್ಕಲಕೋಟೆಯ ಸ್ಥಾನ ಇಲ್ಲಿ ವಿಶೇಷವಾದುದು. ಭೋಸಲೆ ಮನೆತನದ ಈ ಸಂಸ್ಥಾನ 1948ರಲ್ಲಿ ಮುಂಬೈ ಪ್ರಾಂತದಲ್ಲಿ ವಿಲೀನವಾಗುವವರೆಗೆ ತನ್ನದೇ ಆಡಳಿತವನ್ನು ಹೊಂದಿತ್ತು. ಬಹುಕಾಲ ಸೊಲ್ಲಾಪುರದ ಕಲೆಕ್ಟರರೇ ಅದರ ಪೊಲಿಟಿಕಲ್ ಏಜೆಂಟರು. ಅದರ ಒಂದು ಬದಿಗೆ ಬ್ರಿಟಿಷ್ ಸೊಲ್ಲಾಪುರ, ಇನ್ನೊಂದು ಬದಿಗೆ ನಿಜಾಮರ ಆಳಂದ ಪ್ರದೇಶ, ತೆಂಕಲಿಗೆ ಭೀಮೆಯಾಚೆ ವಿಜಾಪುರ ಜಿಲ್ಲೆ. ಕೆಲವೇ ದಿನಗಳ ನಡಿಗೆಯಲ್ಲಿ ಮೂರು ಆಡಳಿತಗಳನ್ನು ದಾಟಬಹುದಾಗಿತ್ತು. ಅಲೆಮಾರಿಗೆ ಅದು ಪೂರ್ವಿಕರ ಕಾಲದ ಸಂತೆದಾರಿ. ಪೊಲೀಸರ ದೃಷ್ಟಿಯಲ್ಲಿ ತಲೆಮರೆಸಿಕೊಳ್ಳುವ ದಾರಿ. ಭಾಷೆ, ನೆಂಟಸ್ತಿಕೆ, ದೇವರ ಜಾತ್ರೆಗಳು ಈ ಗಡಿಗಳನ್ನು ಲೆಕ್ಕಿಸಿರಲಿಲ್ಲ. ಪಾಸು ಎಂಬ ಕಾಗದ ಲೆಕ್ಕಿಸಿತು.

ಗಡಿಗಳು ಬದಲಾದ ಮೇಲೂ ಹೆಸರಿನ ತೊಡಕು ಕರಗಲಿಲ್ಲ. ಕೊರಮ, ಕೊರಚರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗಳು. ಮಹಾರಾಷ್ಟ್ರದಲ್ಲಿ ಕೈಕಾಡಿಗಳು ವಿದರ್ಭದಲ್ಲಿ ಪರಿಶಿಷ್ಟ ಜಾತಿ, ಸೊಲ್ಲಾಪುರದಲ್ಲಿ ವಿಮುಕ್ತ ಜಾತಿ. ಹಕ್ಕಿನ ಕಡತದಲ್ಲಿ ಗಡಿಗೊಂದು ಹೆಸರು ಪಡೆದ ಬಳಗ ಸಂಶಯದ ಕಡತದಲ್ಲಿ ಮಾತ್ರ ಗಡಿಯ ಎರಡೂ ಕಡೆ ಒಂದೇ ಆಗಿತ್ತು.

ಬಂದಿಯ ಭಾಷೆಯ ಪ್ರಶ್ನೆಯನ್ನು ನ್ಯಾಯಾಲಯಗಳು ತಡವಾಗಿಯಾದರೂ ಎತ್ತಿಕೊಂಡವು. 1962ರಲ್ಲಿ ವರದಿಯಾದ ಹರಿಕಿಶನ್ ವಿರುದ್ಧ ಮಹಾರಾಷ್ಟ್ರ ರಾಜ್ಯ ಪ್ರಕರಣದಲ್ಲಿ, ಮುಂಜಾಗ್ರತಾ ಬಂಧನಕ್ಕೆ ಒಳಗಾದವನಿಗೆ ಬಂಧನದ ಕಾರಣಗಳನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಒದಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಇಂಗ್ಲಿಷಿನಲ್ಲಿ ಕೊಟ್ಟು ಬಾಯಿಮಾತಿನಲ್ಲಿ ವಿವರಿಸಿದರೆ ಸಾಲದು. ಮರಾಠಿ ಆಡಳಿತದ ನಡುವೆ ಕನ್ನಡ ಮಾತನಾಡುವ ಅಕ್ಕಲಕೋಟೆಯಂಥ ತಾಲ್ಲೂಕಿಗೆ ಈ ತತ್ತ್ವದ ಬೆಲೆ ಹೇಳಬೇಕಾಗಿಲ್ಲ. ಆದರೆ ಸೆಟ್ಲ್‌ಮೆಂಟಿಗೆ ಕಳಿಸಲು ಕಾರಣ ವಿವರಿಸುವ ಕಾಗದವೇ ಬೇಕಿರಲಿಲ್ಲ. ಹೆಬ್ಬೆಟ್ಟಿಗೆ ಯಾವ ಭಾಷೆಯೂ ಅಗತ್ಯವಿಲ್ಲ.

1930: ಇಬ್ಬಗೆಯ ಬಂದಿಗಳು

ಸೊಲ್ಲಾಪುರದ ಸೆರೆಯ ನೆನಪು ಎಂದೊಡನೆ 1930 ಮುನ್ನೆಲೆಗೆ ಬರುತ್ತದೆ. ಗಾಂಧೀಜಿಯವರ ಬಂಧನದ ಬಳಿಕ ಮೇ 8ರಂದು ಗೋಲಿಬಾರು, ಪ್ರತಿಹಿಂಸೆಗಳು ನಡೆದವು. ಮೇ 12ರಿಂದ ಜೂನ್ 30ರವರೆಗೆ ನಗರ ಸೇನಾಡಳಿತದಲ್ಲಿತ್ತು. ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್ ಅವರನ್ನು 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಸೇನಾಡಳಿತದಡಿ ಶಿಕ್ಷೆಗೊಳಗಾದವರ ಪ್ರಶ್ನೆ ‘ಚನ್ನಪ್ಪ ಶಾಂತಿರಪ್ಪ ವಿರುದ್ಧ ಚಕ್ರವರ್ತಿ’ ಪ್ರಕರಣವಾಗಿ ಮುಂಬೈ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಕಾನೂನು ವರದಿಗಳಲ್ಲಿ ಆ ಕನ್ನಡದ ಹೆಸರು ಇಂದಿಗೂ ಉಲ್ಲೇಖಗೊಳ್ಳುತ್ತದೆ.

ಅದೇ ವರ್ಷ, ಅದೇ ನಗರದಲ್ಲಿ, ಸೆಟ್ಲ್‌ಮೆಂಟಿನ ಹಾಜರಿಯೂ ನಡೆಯುತ್ತಿತ್ತು. ಸೇನಾಡಳಿತದ ಬಂದಿ ನ್ಯಾಯಾಲಯದ ಬಾಗಿಲು ತಟ್ಟಬಹುದಾಗಿತ್ತು. ಬೇಲಿಯೊಳಗಿನವನಿಗೆ ಕಾಯ್ದೆ ಆ ಬಾಗಿಲನ್ನೇ ಮುಚ್ಚಿತ್ತು. ನಾಲ್ವರು ಹುತಾತ್ಮರ ಹೆಸರು ನಗರದ ಚೌಕದಲ್ಲಿ ಉಳಿಯಿತು. ಸೆಟ್ಲ್‌ಮೆಂಟಿನ ಜನರ ಹೆಸರುಗಳು ಪೊಲೀಸರ ಪುಸ್ತಕದಲ್ಲಿ ಮಾತ್ರ ಉಳಿದವು. ಇದು ತ್ಯಾಗಗಳನ್ನು ತಕ್ಕಡಿಯಲ್ಲಿಡುವ ಮಾತಲ್ಲ. ರಾಷ್ಟ್ರೀಯ ಚಳವಳಿಯ ಬಂದಿ ತನ್ನ ಸೆರೆಯ ಕಥೆಯನ್ನು ತಾನೇ ಹೇಳಿಕೊಂಡ, ಬರೆದುಕೊಂಡ; ಸೆಟ್ಲ್‌ಮೆಂಟಿನ ಬಂದಿಯ ಕಥೆಯನ್ನು ಅರ್ಧ ಶತಮಾನದವರೆಗೆ ಅವನ ಕಾವಲುಗಾರರೇ ಬರೆದರು. ಲಕ್ಷ್ಮಣ ಮಾನೆ ಅವರ ‘ಉಪರಾ’ (1980), ಲಕ್ಷ್ಮಣ ಗಾಯಕವಾಡ ಅವರ ‘ಉಚಲ್ಯಾ’ (1987) ಎಂಬ ಮರಾಠಿ ಆತ್ಮಕಥನಗಳು ಬಂದ ಮೇಲಷ್ಟೇ ಈ ಸಮುದಾಯಗಳ ಅನುಭವ ಮೊದಲ ಪುರುಷದಲ್ಲಿ ದಾಖಲಾಯಿತು. ತನ್ನ ಬಗ್ಗೆ ಏನನ್ನು ಹೇಳಬೇಕು, ಏನನ್ನು ಹೇಳಬಾರದು ಎಂದು ತಾನೇ ತೀರ್ಮಾನಿಸುವುದು ಖಾಸಗಿತನದ ತಿರುಳಾದರೆ, ಆತ್ಮಕಥನವೂ ಖಾಸಗಿತನದ ಮರುಗಳಿಕೆಯೇ.

ಬೇಲಿ ಹೋದ ಮೇಲೆ

ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರ ಆಗಸ್ಟ್ 31ರಂದು ದೇಶದಾದ್ಯಂತ ರದ್ದಾಯಿತು. ಅದಕ್ಕೂ ಮೊದಲೇ ಮುಂಬೈಯಲ್ಲಿ 1947ರ ರೂಢಿಗತ ಅಪರಾಧಿಗಳ ನಿರ್ಬಂಧ ಕಾಯ್ದೆ ಬಂದಿತ್ತು. 1959ರಲ್ಲಿ ಮುಂಬೈ ರೂಢಿಗತ ಅಪರಾಧಿಗಳ ಕಾಯ್ದೆ, 1961ರಲ್ಲಿ ಗಡಿಯಾಚೆಯ ಮೈಸೂರು ರಾಜ್ಯದಲ್ಲಿ ಅಂಥದೇ ಕಾಯ್ದೆ ಬಂದವು. ಹೊಸ ಕಾನೂನು ಜಾತಿಯನ್ನು ಹೆಸರಿಸಲಿಲ್ಲ, ವ್ಯಕ್ತಿಯನ್ನು ಹೆಸರಿಸಿತು. ನೋಂದಣಿ ಮತ್ತು ಹಾಜರಿಯ ಕ್ರಮಗಳು ಮುಂದುವರಿದವು. ವಿಮುಕ್ತ ಮತ್ತು ಅಲೆಮಾರಿ ಬುಡಕಟ್ಟುಗಳ ರಾಷ್ಟ್ರೀಯ ಆಯೋಗ 2008ರಲ್ಲಿ ವರದಿ ಸಲ್ಲಿಸಿದಾಗ ಅದರ ಅಧ್ಯಕ್ಷರಾಗಿದ್ದವರು ಸೊಲ್ಲಾಪುರದಲ್ಲಿಯೇ ಈ ಸಮುದಾಯಗಳ ನಡುವೆ ದುಡಿದ ಬಾಳಕೃಷ್ಣ ರೇಣಕೆ.

ಖಾಸಗಿತನದ ನ್ಯಾಯಶಾಸ್ತ್ರವೂ ಈ ಪೊಲೀಸ್ ಪುಸ್ತಕದ ಜೊತೆಗಿನ ಜಗಳದಿಂದಲೇ ಬೆಳೆಯಿತೆಂಬುದು ಗಮನಿಸಬೇಕಾದ ಅಂಶ. ದರೋಡೆಯ ಆರೋಪದಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾದ ಖರಕ್ ಸಿಂಗ್ ಎಂಬವರ ಮೇಲೆ ಉತ್ತರ ಪ್ರದೇಶದ ಪೊಲೀಸರು ಹಿಸ್ಟರಿ ಶೀಟ್ ತೆರೆದು ರಾತ್ರಿ ಹೊತ್ತು ಬಾಗಿಲು ತಟ್ಟುತ್ತಿದ್ದರು. 1962ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ರಾತ್ರಿಯ ಭೇಟಿಗಳನ್ನು ಅಸಾಂವಿಧಾನಿಕವೆಂದಿತು. ಖಾಸಗಿತನ ಮೂಲಭೂತ ಹಕ್ಕಲ್ಲವೆಂದೂ ಬಹುಮತ ಹೇಳಿತು. ನ್ಯಾಯಮೂರ್ತಿ ಸುಬ್ಬರಾವ್ ಭಿನ್ನಮತ ಸೂಚಿಸಿದರು. ಅವರೇ 1965ರಲ್ಲಿ ಪ್ರಭಾಕರ ಪಾಂಡುರಂಗ ಸಂಝಗಿರಿ ಪ್ರಕರಣದ ತೀರ್ಪು ಬರೆದರು. ಬಂಧನದಲ್ಲಿದ್ದಾಗ ಸಂಝಗಿರಿಯವರು ಅಣುವನ್ನು ಕುರಿತು ಮರಾಠಿಯಲ್ಲಿ ಬರೆದ ವಿಜ್ಞಾನ ಗ್ರಂಥದ ಹಸ್ತಪ್ರತಿಯನ್ನು ಪ್ರಕಟಣೆಗಾಗಿ ಹೊರಗೆ ಕಳಿಸಲು ಮಹಾರಾಷ್ಟ್ರ ಸರ್ಕಾರ ನಿರಾಕರಿಸಿತ್ತು. ನ್ಯಾಯಾಲಯ ಆ ನಿರಾಕರಣೆಯನ್ನು ಒಪ್ಪಲಿಲ್ಲ. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಬಂಧಿತರ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸುವಂತಿಲ್ಲವೆಂಬ ತೀರ್ಮಾನ ಬಂದಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ; ಅವರು ಪ್ರಶ್ನಿಸಿದ್ದು ಆಧಾರ್ ಯೋಜನೆಯನ್ನು. ಆ ಯೋಜನೆಯ ತಳಹದಿಯೂ ಬೆರಳಚ್ಚೇ.

ಬಂದಿಯ ಬೆರಳಚ್ಚಿನ ಕಥೆ ಮಾತ್ರ ಬೇರೆ ದಿಕ್ಕಿನಲ್ಲಿ ಸಾಗಿತು. ಬೆರಳಚ್ಚು ನೀಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲವೆಂದು 1961ರ ಕಾಥಿ ಕಾಲು ಓಘಡ್ ತೀರ್ಪು ಹೇಳಿತ್ತು. 1920ರ ಕಾಯ್ದೆಯ ಸ್ಥಾನದಲ್ಲಿ ಬಂದ ದಂಡ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ 2022ರ ಆಗಸ್ಟ್ 4ರಿಂದ ಜಾರಿಯಲ್ಲಿದೆ. ಬೆರಳು, ಅಂಗೈ, ಪಾದಗಳ ಅಚ್ಚು, ಕಣ್ಣಿನ ಪಾಪೆ, ಜೈವಿಕ ಮಾದರಿ, ಸಹಿ, ಕೈಬರಹಗಳೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಒಂದು ವರ್ಷದ ಕಠಿಣ ಸಜೆಯ ಮಿತಿ ಹೋಗಿದೆ. ದಾಖಲೆ 75 ವರ್ಷ ಉಳಿಯುತ್ತದೆ. ಹಿಂದೆ ಶಿಕ್ಷೆಯಾಗಿರದೆ ಖುಲಾಸೆಯಾದವರ ದಾಖಲೆ ಅಳಿಸುವ ಅವಕಾಶ ಉಳಿದಿದೆಯಾದರೂ, ಹಿಂದೆ ಶಿಕ್ಷೆಯಾಗಿರಬಾರದೆಂಬ ಷರತ್ತಿನ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಚರಿತ್ರೆ ತಿಳಿದವರು ಊಹಿಸಬಲ್ಲರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಪೊಲೀಸ್ ವಶದ 15 ದಿನಗಳನ್ನು ಬಂಧನದ ಮೊದಲ 40 ಅಥವಾ 60 ದಿನಗಳಲ್ಲಿ ಬಿಡಿಬಿಡಿಯಾಗಿಯೂ ಪಡೆಯಬಹುದು. ಗೋಡೆಯ ಎರಡನೆಯ ಮುಖ ತೆಳುವಾಗಿದೆ.

ವಿರುದ್ಧ ದಿಕ್ಕಿನ ಹೆಜ್ಜೆಗಳೂ ಇವೆ. ಹಿಂದುಳಿದ ಸಮುದಾಯಗಳ, ವಿಮುಕ್ತ ಬುಡಕಟ್ಟುಗಳ ಮುಗ್ಧರ ಹೆಸರು ಹಿಸ್ಟರಿ ಶೀಟಿನಲ್ಲಿ ಯಾಂತ್ರಿಕವಾಗಿ ಸೇರದಂತೆ ನೋಡಿಕೊಳ್ಳಬೇಕೆಂದು 2024ರ ಮೇ ತಿಂಗಳಲ್ಲಿ ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದೇ ವರ್ಷದ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದ ತೀರ್ಪು ಸೆರೆಮನೆಯ ಕೈಪಿಡಿಗಳಲ್ಲಿದ್ದ ಜಾತಿಯಾಧಾರಿತ ನಿಯಮಗಳನ್ನು ರದ್ದುಪಡಿಸಿತು. ವಿಮುಕ್ತ ಬುಡಕಟ್ಟಿನವರನ್ನು ಹುಟ್ಟಿನಿಂದಲೇ ರೂಢಿಗತ ಅಪರಾಧಿಗಳೆಂದು ಕಾಣುವ ನಿಯಮಗಳಿಗೂ ಅದೇ ಗತಿಯಾಯಿತು. ಬಂದಿಗಳ ರಿಜಿಸ್ಟರಿನಲ್ಲಿದ್ದ ಜಾತಿಯ ಅಂಕಣವನ್ನೇ ತೆಗೆದುಹಾಕಬೇಕೆಂದು ಅದು ಆದೇಶಿಸಿತು. ಒಂದು ಅಂಕಣವನ್ನು ಅಳಿಸುವುದು ಸಣ್ಣ ಆಡಳಿತ ಕ್ರಮದಂತೆ ತೋರಬಹುದು. ಸೊಲ್ಲಾಪುರದ ಚರಿತ್ರೆಯನ್ನು ಬಲ್ಲವರಿಗೆ ಹಾಗೆ ತೋರದು.

ಕೊನೆಯದಾಗಿ, ಸಂಶೋಧನೆಗೆ ನೇರವಾಗಿ ಸಂಬಂಧಿಸಿದ ಒಂದು ಪ್ರಶ್ನೆ ಉಳಿಯುತ್ತದೆ. ಸೆಟ್ಲ್‌ಮೆಂಟಿನ ಚರಿತ್ರೆಗೆ ಮುಖ್ಯ ಆಕರ ಸರ್ಕಾರಿ ದಾಖಲೆಗಳೇ. ಅವುಗಳಲ್ಲಿ ಹೆಸರು, ಜಾತಿ, ಕುಟುಂಬ, ‘ನಡತೆ’ ಎಲ್ಲವೂ ಒಪ್ಪಿಗೆಯಿಲ್ಲದೆ ಬರೆಯಲ್ಪಟ್ಟಿವೆ. ಅವರ ಮೊಮ್ಮಕ್ಕಳು ಇಂದು ಫ್ರೀ ಕಾಲನಿಗಳಲ್ಲಿ, ಅಕ್ಕಲಕೋಟೆಯ ಹಳ್ಳಿಗಳಲ್ಲಿ, ಗಡಿಯಾಚೆಯ ವಿಜಾಪುರ, ಕಲಬುರಗಿಗಳಲ್ಲಿ ಬದುಕುತ್ತಿದ್ದಾರೆ. ಪತ್ರಾಗಾರದಲ್ಲಿ ಆ ಪುಟ ತೆರೆಯುವ ವಿದ್ವಾಂಸನೂ ಬಂದಿಯನ್ನು ಅವನ ಅನುಮತಿಯಿಲ್ಲದೆ ಕಾಣಲು ಬಂದವನೇ. ಪೊಲೀಸರ ಪ್ರವೇಶಕ್ಕೆ ಮಿತಿ ಬೇಕೆಂದು ವಾದಿಸುವ ಚರಿತ್ರೆ ತನ್ನ ಪ್ರವೇಶಕ್ಕೂ ಮಿತಿಯನ್ನು ಹಾಕಿಕೊಳ್ಳಬೇಕಾಗುತ್ತದೆ. ಸಮುದಾಯದ ಅನುಭವವನ್ನು ಬರೆಯುವುದು, ವ್ಯಕ್ತಿಯ ಹೆಸರನ್ನು ಬಿಡುವುದು. ಪುಸ್ತಕ ಏನು ಹೇಳುತ್ತದೆಂದು ನೋಡುವ ಮೊದಲು ಕಾಲನಿಯಲ್ಲಿ ಉಳಿದಿರುವ ಹಿರಿಯರು ಏನನ್ನು ಹೇಳಬಯಸುತ್ತಾರೆಂದು ಕೇಳುವುದು. 1920ರ ಕಾಯ್ದೆ ಖುಲಾಸೆಯಾದವನಿಗೆ ಅವನ ಬೆರಳಚ್ಚನ್ನು ಮರಳಿಸಲು ಹೇಳಿತ್ತು. ಎಂದೂ ಆರೋಪಿಗಳೇ ಆಗದಿದ್ದವರಿಗೆ ಅದು ಇನ್ನೂ ಮರಳಿಲ್ಲ.